ಪ್ರತಿ ಸುತ್ತಿಗೂ ಹತ್ತು ಬಡಿತ ಹೆಚ್ಚು

"ಇದನ್ನ ಎದೆ ಕೆಳಗೆ ಬಿಗಿಯಾಗಿ ಕಟ್ಕೊಳ್ಳಿ," ಎನ್ನುತ್ತಾ ರಘುನಾಥ್ ಕಪ್ಪು ಪಟ್ಟಿ ಚಾಚಿದ. ಅವನ ಕಣ್ಣು ಮಾತ್ರ ಯಲಹಂಕದ ಆಕಾಶದಲ್ಲಿ ಇಲ್ಲದ ವಿಮಾನ ಹುಡುಕುತ್ತಿತ್ತು!

ಶಶಿರೇಖಾ ಕಿಸಕ್ಕನೆ ನಕ್ಕಳು. ಅವನು ಕಣ್ಣಿಳಿಸಿದ, ಇವಳು ಕಣ್ಣೆತ್ತಿದಳು. ಅಷ್ಟೇ... ಹೆಬ್ಬಾಳ ಫ್ಲೈಓವರ್ ಮೇಲಿನ ಅಷ್ಟೂ ವಾಹನಗಳು ಗಕ್ಕನೆ ನಿಂತವು. ನಂಬದಿದ್ದರೆ ಆ ಬೆಳಿಗ್ಗೆ ಅಲ್ಲಿ ಸಿಕ್ಕಿಕೊಂಡಿದ್ದವರನ್ನು ಕೇಳಿ!

ಇವಳೇನು ಸಾಮಾನ್ಯಳೇ? ಕೋಗಿಲಿನಿಂದ ಚಿಕ್ಕಜಾಲಕ್ಕೆ ಓಡಿದರೆ ಏರ್‌ಪೋರ್ಟ್ ಬಸ್ಸುಗಳೇ ನಾಚಿ ಪಕ್ಕಕ್ಕೆ ಸರಿಯುತ್ತಿದ್ದವು. ಭಾನುವಾರ ರಾಜ್ಯ ತಂಡದ ಆಯ್ಕೆ ಓಟ. ಮೂರು ವರ್ಷ ಕಾದದ್ದು ಅದಕ್ಕೇ. ರಘುನಾಥ್, ಓಟಗಾರರ ಎದೆಬಡಿತ ಅಳೆಯಲು ಸೋಲದೇವನಹಳ್ಳಿಯ ಕಾಲೇಜಿನಿಂದ ಬಂದವನು.

"ಇನ್ನೂರು ಮೀಟರ್‌ಗೊಂದ್ಸಲ ವೇಗ ಏರ್ಸವ್ವಾ," ಎಂದರು ಕೋಚ್ ಪಿಳ್ಳಣ್ಣ. "ಬಡಿತಾನೂ ಏರ್ತದೆ. ಒಂದ್ಕಡೆ ವೇಗ ಏರಿದ್ರೂ ಬಡಿತ ಅಷ್ಟು ಏರಾಕಿಲ್ಲ, ಬಡಿತದ ಗೆರೆ ಬಾಗ್ತದೆ. ಅದೇ ನಿನ್ನ ಒಸ್ತಿಲು! ಅದನ್ನ ದಾಟಿ ಓಡಿದ್ರೆ ಕಾಲು ಕಲ್ಲಾಯ್ತವೆ."

ಮೈದಾನದ ಆ ತುದಿಯಲ್ಲಿ ಪಿಳ್ಳಣ್ಣ, ಈ ತುದಿಯಲ್ಲಿ ರಘುನಾಥ್. ಎರಡೂ ಕಡೆ ಸೀಟಿ. ಶಶಿರೇಖಾ ಗಾಳಿಯಾದಳು.

ಮರುದಿನ ಸಿಡಿಲು!

"ಭಾನುವಾರ ನೀನು ಓಡಂಗಿಲ್ಲ ಕಣವ್ವಾ. ಎದೆಬಡಿತ ಸರಿಯಿಲ್ಲ ಅಂತ ಆ ಹುಡುಗ ಬರ್ದವ್ನೆ," ಎಂದರು ಪಿಳ್ಳಣ್ಣ.

ಡಾಕ್ಟರ ಬಳಿ ಇಸಿಜಿ ತೆಗೆಸಿದಳು. ಎಲ್ಲವೂ ಸರಿಯಿತ್ತು. ಆ ಕಾಗದವನ್ನು ರಘುನಾಥನ ಮುಖಕ್ಕೆ ಹಿಡಿದಳು.

"ನನ್ನ ಮೂರು ವರ್ಷ ನಿಮಗೆ ತಮಾಷೆನಾ?"

"ಇದನ್ನ ನೋಡಿ." ಅವನು ಆ ದಿನದ ಓಟದ ಹಾಳೆ ಬಿಡಿಸಿ ಹಿಡಿದ. ಗೆರೆ ಬಾಗಿರಲಿಲ್ಲ, ಗರಗಸದಂತೆ ಮೇಲೆ ಕೆಳಗೆ ಕುಣಿದಿತ್ತು. "ನಮ್ಮಣ್ಣನೂ ಓಡೋನು. ಏನಿಲ್ಲ ಅಂತಲೇ ಓಡ್ದ... ಬಿದ್ದೋನು ಏಳ್ಲೇ ಇಲ್ಲ. ಇನ್ನೊಬ್ರು ಬೀಳೋದು ನಂಗೆ ನೋಡಕ್ಕಾಗಲ್ಲ ಕಣ್ರೀ."

ಅವಳ ಸಿಟ್ಟು ಇಳಿಯಿತು. ಹಾಳೆ ನೋಡಿದಳು. ಪಿಳ್ಳಣ್ಣನ ತುದಿಯಲ್ಲಿ ನೂರ ನಲವತ್ತು. ರಘುನಾಥನ ತುದಿಯಲ್ಲಿ ನೂರ ಐವತ್ತು. ಮತ್ತೆ ಪಿಳ್ಳಣ್ಣನಲ್ಲಿ ಇಳಿತ, ಮತ್ತೆ ಇವನಲ್ಲಿ ಜಿಗಿತ. ಪ್ರತಿ ಸುತ್ತಿನಲ್ಲೂ!

ಅಯ್ಯೋ... ಈ ಹಾಳು ಪಟ್ಟಿ ಎಲ್ಲವನ್ನೂ ಬರೆದಿಟ್ಟಿದೆಯಲ್ಲ! ಹೇಳಲೇ? ಹೇಗೆ ಹೇಳಲಿ?

"ಇನ್ನೊಂದ್ಸಲ ಅಳೀರಿ," ಎಂದಳು ತಲೆ ತಗ್ಗಿಸಿ. "ಆದ್ರೆ ನೀವು ಇಲ್ಲಿರಬೇಡಿ. ಗೇಟ್ ಆಚೆ ಹೋಗಿ."

ರಘುನಾಥನ ಮುಖ ಸಣ್ಣಗಾಯಿತು. "ನನ್ನ ಮುಖ ನೋಡೋಕೂ ಇಷ್ಟ ಇಲ್ಲ ಅಲ್ವಾ? ಸರಿ." ಸೀಟಿಯನ್ನು ಪಿಳ್ಳಣ್ಣನಿಗೆ ಕೊಟ್ಟು ನಡೆದೇಬಿಟ್ಟ. ಅವಳಿಗೆ ಕೂಗಿ ಕರೆಯಬೇಕೆನಿಸಿತು. ಆದರೂ ಓಡಿದಳು.

ಮುಗಿದ ಮೇಲೆ ಪಿಳ್ಳಣ್ಣ ಅವನನ್ನು ಕೂಗಿ ಕರೆದರು. ಹೊಸ ಗೆರೆ ದಾರ ಎಳೆದಂತೆ ನೇರವಾಗಿ ಏರಿ, ನೂರ ಎಪ್ಪತ್ತೆಂಟರಲ್ಲಿ ಬಾಗಿತ್ತು. ಒಂದೇ ಒಂದು ಜಿಗಿತವಿಲ್ಲ!

ರಘುನಾಥ್ ಎರಡೂ ಹಾಳೆಗಳನ್ನು ಹತ್ತು ಸಲ, ಅಲ್ಲ, ಸಾವಿರ ಸಲ ನೋಡಿದ.

"ಅಂಗೇನ್ ನೋಡೀಯಾ ಪೆದ್ದಾ?" ಪಿಳ್ಳಣ್ಣ ಅವನ ಬೆನ್ನಿಗೆ ಗುದ್ದಿದರು. "ಸರಿಯಿಲ್ದೆ ಇದ್ದಿದ್ದು ಅವ್ಳ ಎದೆಯಲ್ಲ, ನೀನು ನಿಂತಿದ್ ಜಾಗ! ಭಾನುವಾರ ಓಡ್ತಾಳೆ." ಹೇಳಿ ನಗುತ್ತಾ ಹೊರಟರು.

ರಘುನಾಥ್ ಹತ್ತಿರ ಬಂದ. ಬಡಿತ ತೋರಿಸುವ ಅವಳ ಕೈಗಡಿಯಾರದಲ್ಲಿ ತೊಂಬತ್ತಿದ್ದದ್ದು ನೂರ ಹದಿನೈದಾಯಿತು.

"ನಿಂತಿದ್ದೀರಲ್ಲ... ಮತ್ಯಾಕೆ ಏರ್ತಿದೆ?"

"ಅಳೆಯೋಕೆ ಬರುತ್ತೆ, ಓದೋಕೆ ಬರಲ್ವಾ ನಿಮಗೆ?"

ಅವನ ಕಣ್ಣು ತುಂಬಿತು. ಮೆಲ್ಲನೆ ಅವಳ ಬೆರಳುಗಳನ್ನು ತನ್ನ ಮಣಿಕಟ್ಟಿನ ಮೇಲಿಟ್ಟುಕೊಂಡ. ಅಲ್ಲಿ ಕುದುರೆಗಳೇ ಓಡುತ್ತಿದ್ದವು!

"ಭಾನುವಾರ ನಾನೆಲ್ಲಿ ನಿಲ್ಲಲಿ, ಶಶಿ?"

"ಓಟ ಮುಗಿಯೋ ಗೆರೆ ಆಚೆ. ಅಲ್ಲೀವರೆಗೂ ಕಣ್ಣಿಗೆ ಬೀಳ್ಬೇಡಿ."

"ಆಮೇಲೆ?"

"ಆಮೇಲೆ... ಎಷ್ಟು ಬೇಕಾದ್ರೂ ಏರ್ಲಿ ಬಿಡಿ."