ಯಾರೂ ಮುಟ್ಟದ ಚೆಂಡು

"ಬೋರ್ಡಿನ ಮೇಲೆ ನನಗೆ ಎರರ್ ಹಾಕಿದವರು ಯಾರು?"

ಬೇಸ್‌ಬಾಲ್ ಮೈದಾನದ ಮೇಲಿನ ಗೂಡಿನಂಥ ಕೋಣೆಯ ಬಾಗಿಲಲ್ಲಿ ನಿಂತು ಕೂಗಿದವನ ಮೈತುಂಬ ಕೆಂಪು ಮಣ್ಣು.

ಸ್ಕೋರರ್ ಕಾರ್ಲಿಸ್ ಹಾಳೆಯಿಂದ ತಲೆ ಎತ್ತಲಿಲ್ಲ. "ನಾನೇ."

"ಚೆಂಡು ಕಲ್ಲಿಗೆ ಬಡಿದು ಎಗರಿತು ಮೇಡಂ!"

"ಕಲ್ಲೂ ಇಲ್ಲ, ಗಿಲ್ಲೂ ಇಲ್ಲ. ಕೈಗೆ ಬಂದದ್ದನ್ನ ಬಿಟ್ಟೆ. ಇಳಿ ಕೆಳಗೆ!"

ಎಲಾಡಿಯೊ ಇಳಿಯಲಿಲ್ಲ. ಏನೂ ಗೊತ್ತಿಲ್ಲದವನಂತೆ ಅವಳ ಹಾಳೆಯ ಮೇಲೆ ಬಗ್ಗಿದ. "ಆರು-ಮೂರು... ಇದೇನು, ಲಾಟರಿ ನಂಬರಾ?"

"ಆರು ಅಂದ್ರೆ ಶಾರ್ಟ್‌ಸ್ಟಾಪ್, ನೀನು. ಮೂರು ಫಸ್ಟ್ ಬೇಸ್‌ನವನು. ನೀನು ಹಿಡಿದು ಅವನಿಗೆ ಎಸೆದೆ, ಓಡಿದವನು ಔಟ್."

"ಈ 'K' ಅಕ್ಷರ ಯಾಕೆ ಹಿಂದುಮುಂದಾಗಿದೆ?"

"ಬ್ಯಾಟು ಬೀಸದೆ ನಿಂತು ನೋಡಿ ಔಟಾದವನಿಗೆ ಹಾಗೆ ಬರೀತೀವಿ."

"ಅದು ನನ್ನ ಹೆಸರಿಗೆ ಬರಲ್ಲ ಬಿಡಿ. ನಾನು ಬೀಸೋನು!"

'ಎಷ್ಟು ಜಂಬ ಇವನಿಗೆ!' ಎಂದುಕೊಂಡಳು. ಆದರೆ ಅವನು ಹೋದ ಮೇಲೆ ಎರಡು ಎಸೆತಗಳನ್ನು ಬರೆಯಲು ಮರೆತಳು.

ಅಮೆರಿಕದ ಅಯೋವಾದ ಆ ಜೋಳದ ಊರಿನ ತಂಡಕ್ಕೆ ಗೆಲುವು ಅಪರೂಪ. ಗೆದ್ದಾಗಲೆಲ್ಲ ಅವನು ಕೆಳಗಿನಿಂದ ಕೂಗುತ್ತಿದ್ದ. "ಮೇಡಂ, ಐಸ್‌ಕ್ರೀಮ್?"

"ಬೇಡ."

"ಹೌದು ಬಿಡಿ! ಡೊಮಿನಿಕನ್ ದೇಶದಿಂದ ಬಂದವನ ಜೊತೆ ಕೂತ್ರೆ ಊರವರು ಏನಂದಾರು!" ಒಮ್ಮೆ ನಗುತ್ತಲೇ ಅಂದ. ಕಣ್ಣಲ್ಲಿ ನಗುವಿರಲಿಲ್ಲ.

ಅವಳಿಗೆ ಕಾರಣ ಅದಾಗಿರಲಿಲ್ಲ. ಸ್ಕೋರರ್ ಆದವಳು ಆಟಗಾರನ ಜೊತೆ ಒಂದೇ ಮೇಜಿಗೆ ಕೂತರೆ ಮುಗಿಯಿತು. ಆಮೇಲೆ ಅವನ ಹೊಡೆತಕ್ಕೆ ಕೊಟ್ಟ ಹಿಟ್ ಯಾವುದನ್ನೂ ಯಾರೂ ನಂಬುವುದಿಲ್ಲ. ಕೆಡುವುದು ಅವನ ಹೆಸರೇ.

'ಸೀಸನ್ ಮುಗೀಲಿ... ನಾನೇ ಕರೀತೀನಿ.'

ಆಗಸ್ಟಿನ ಒಂದು ಮಧ್ಯಾಹ್ನ, ಪಂದ್ಯದ ಕೊನೆಯಲ್ಲಿ, ಚೆಂಡೊಂದು ಎತ್ತರಕ್ಕೆ ಹೋಗಿ ಅವನಿಗೂ ಲೆಫ್ಟ್ ಫೀಲ್ಡರ್‌ಗೂ ನಡುವೆ ಇಳಿಯತೊಡಗಿತು. ಇಬ್ಬರೂ ಓಡಿದರು. ಇಬ್ಬರೂ ನಿಂತರು. ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗಲೇ ಚೆಂಡು ಹುಲ್ಲಿಗೆ ಬಿತ್ತು. ಎದುರಾಳಿಗಳು ಗೆದ್ದರು.

ಕಾರ್ಲಿಸ್ ಹೊಡೆದವನ ಹೆಸರಿಗೆ 'ಹಿಟ್' ಎಂದು ಬರೆದಳು.

ಸ್ವಲ್ಪ ಹೊತ್ತಿಗೆ ಎಲಾಡಿಯೊ ಬಂದ. ಹೆಗಲಲ್ಲಿ ಬ್ಯಾಗು.

"ಮ್ಯಾನೇಜರ್ ನನ್ನ ತೆಗೆದುಹಾಕಿದ. ತಂಡ ಇಲ್ಲ ಅಂದ್ರೆ ವೀಸಾನೂ ಇಲ್ಲ. ಕೆಳಗೆ ವ್ಯಾನ್ ಕಾಯ್ತಿದೆ."

ಅವಳು ಕುರ್ಚಿಯಿಂದ ಎದ್ದಳು. "ಮುಂದಿನ ವರ್ಷ...?"

"ಈ ವಯಸ್ಸಿನ ಶಾರ್ಟ್‌ಸ್ಟಾಪ್‌ನ ಯಾರು ಕರೀತಾರೆ? ಅದಿರಲಿ. ಆ ಚೆಂಡಿಗೆ ನಂಗೆ ಎರರ್ ಹಾಕದೆ ಹಿಟ್ ಯಾಕೆ ಕೊಟ್ಟೆ? ಒಂದು ಐಸ್‌ಕ್ರೀಮಿಗೂ ಬರದವಳಿಗೆ ಇವತ್ತು ಅಯ್ಯೋ ಪಾಪ ಅನ್ನಿಸ್ತಾ?"

ಮೊದಲ ಸಲ ಅವನ ಬಾಯಲ್ಲಿ 'ಮೇಡಂ' ಇರಲಿಲ್ಲ.

"ಪಾಪ ಅಲ್ಲ, ರೂಢಿ! ಹಿಡಿಯೋಕೆ ಹೋಗಿ ಕೈಬಿಟ್ಟವನಿಗೆ ಎರರ್. ಅವನು ಹಿಡೀತಾನೆ ಅಂತ ನೀನು, ನೀನು ಹಿಡೀತೀಯ ಅಂತ ಅವನು, ಇಬ್ರೂ ನಿಂತ್ರಿ. ಯಾರೂ ಮುಟ್ಟದ ಚೆಂಡಿಗೆ ಎರರ್ ಬರೆಯಲ್ಲ."

"ಮತ್ತೆ ಐಸ್‌ಕ್ರೀಮು?"

"ಬಂದಿದ್ರೆ, ನಿನ್ನ ಹಿಟ್‌ಗಳೆಲ್ಲ ನನ್ನ ಪ್ರೀತಿ ಕೊಟ್ಟದ್ದು ಅಂತಿದ್ರು."

ಅವನು ಬ್ಯಾಗು ಕೆಳಗಿಟ್ಟ. "ಪ್ರೀತಿ ಅಂದ್ಯಾ?"

"ಅಂದೆ."

"ನಂಗೆ... ನೀನು ಎರರ್ ಹಾಕಿದ ದಿನದಿಂದ..."

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ಮನಿದ್ಯಾ!"

"ನೀನು ಬೀಸೋನು ಅಂದಿದ್ದೆ. ನೀನೇ ಹೇಳ್ತೀಯ ಅಂತಿದ್ದೆ."

"ಬೇಡ ಬೇಡ ಅಂತಿದ್ದವಳಿಗೆ ಏನಂತ ಹೇಳ್ಲಿ? ನಿನ್ನ ಮನಸ್ಸಲ್ಲಿದ್ರೆ ನೀನೇ ಕರೀತೀಯ ಅಂತ..."

ಅವನು ನಗಲು ಹೋಗಿ ಟೋಪಿಯಿಂದ ಮುಖ ಒರೆಸಿಕೊಂಡ. ಕೆಳಗೆ ವ್ಯಾನಿನ ಹಾರ್ನ್ ಕೇಳಿಸಿತು.

"ಹಂಗಾದ್ರೆ ಇದಕ್ಕೂ ಎರರ್ ಇಲ್ಲ ಅಲ್ವಾ, ಕಾರ್ಲಿಸ್? ಯಾರದೂ ತಪ್ಪಿಲ್ಲ?"

ಅವಳು ಪೆನ್ಸಿಲ್ ಹಿಡಿದ ಕೈಯಿಂದಲೇ ಅವನ ಕೈ ಹಿಡಿದಳು.

"ಯಾರದೂ ಇಲ್ಲ. ಆದ್ರೆ ಸೋತದ್ದು ಸೋತ ಹಾಗೇ, ಎಲಾಡಿಯೊ."

ಹಾರ್ನ್ ಮತ್ತೆ ಕೇಳಿಸಿತು. ಅವನು ಕೈ ಬಿಡಿಸಿಕೊಳ್ಳಲಿಲ್ಲ.

"ಇನ್ನೊಂದು ಸಲ ಕೂಗ್ಲಿ," ಅಂದ. "ಆಮೇಲೆ ಹೋಗ್ತೀನಿ."