ಬರಿ ನೀರಿಗೆ ಬಂದ ಬಣ್ಣ

೧೯೫೭ರಲ್ಲಿ ನಾನು ಆಂಡರ್ಸನ್‌ಪೇಟೆಯ ಲ್ಯಾಬೊಂದರಲ್ಲಿ ಚಿನ್ನದ ಗಣಿಯ ನೀರು ಪರೀಕ್ಷಿಸುತ್ತಿದ್ದೆ. ದೆವ್ವಗಿವ್ವ ನಂಬುವವನಲ್ಲ, ಕಂಡದ್ದಷ್ಟೇ ಹೇಳುತ್ತೇನೆ.

ಒಂದು ಮಧ್ಯಾಹ್ನ ಕ್ಯಾಸಂಬಳ್ಳಿಯ ಕದಿರಮ್ಮ ಚೊಂಬಿನಲ್ಲಿ ಬಾವಿನೀರು ತಂದಳು. ಅವಳ ಗಂಡ ಮುನಿಸ್ವಾಮಪ್ಪ ಗಣಿಯ ತಳದಲ್ಲಿ ಬಂಡೆ ಕುಸಿದು ಸಿಕ್ಕಿಕೊಂಡು ತಿಂಗಳಾಗಿತ್ತು, ಹೆಣ ಸಿಕ್ಕಿರಲಿಲ್ಲ.

"ನೀರು ಬೆಚ್ಚಗೆ ಬತ್ತೈತೆ ಸಾಮಿ. ಕೆಳಗೆ ಬಂಡೇನೇ ಬಿಸಿ ಅಂತ ನಮ್ಮೋರು ಯೋಳ್ತಿದ್ರು. ಊರೋರು ತಾಳಿ ತೆಗಿ ಅಂತಾವ್ರೆ. ಅವ್ರು ಬದುಕವ್ರೋ ಇಲ್ವೋ ನೀವು ನೀರು ನೋಡಿ ಯೋಳಿ."

ಚೊಂಬು ನಿಜಕ್ಕೂ ಬೆಚ್ಚಗಿತ್ತು. ಆ ನೀರನ್ನು ಗಾಜಿನ ಕೊಳವೆಗೆ ಹಾಕಿ ಪರೀಕ್ಷೆಯ ಔಷಧದ ಹನಿ ಬಿಟ್ಟೆ, ರಕ್ತಗೆಂಪಾಯಿತು. ಕಬ್ಬಿಣವಿದ್ದರೆ ಹಾಗಾಗುವುದು ಸಹಜ. ಔಷಧ ಕೆಟ್ಟಿಲ್ಲವೆಂದು ತಿಳಿಯಲು ಬಟ್ಟಿ ಇಳಿಸಿದ ಬರಿ ನೀರಿಗೂ ಹನಿ ಬಿಡುವುದು ನಮ್ಮ ವಾಡಿಕೆ. ಅದು ಬಣ್ಣ ತಿರುಗಬಾರದು. ತಿರುಗಿತು. ಕೊಳವೆ ತೊಳೆದೆ, ಔಷಧದ ಹೊಸ ಬಾಟಲಿ ತೆರೆದೆ, ಮತ್ತೆ ಕೆಂಪು. ಕದಿರಮ್ಮನನ್ನು ಹೊರಗೆ ಕಳಿಸಿ ನೋಡಿದೆ. ಬರಿ ನೀರು ತಿಳಿಯಾಗಿಯೇ ಉಳಿಯಿತು. ಅವಳು ಬಾಗಿಲಿಗೆ ಬಂದಳು. ಕೊಳವೆಯ ನೀರು ನನ್ನ ಕೈಯಲ್ಲೇ ಕೆಂಪಾಯಿತು.

"ನಮ್ಮೋರು ಇನ್ನೂ ಅವ್ರೆ ಅಲ್ವಾ ಸಾಮಿ?"

"ಬರೀ ಕಬ್ಬಿಣ ಕಣಮ್ಮಾ," ಎಂದೆ.

ಅವಳು ತಾಳಿಯನ್ನು ಸೆರಗಿನೊಳಗೆ ಸೇರಿಸಿಕೊಂಡು ಹೊರಟುಹೋದಳು.

ಆ ಬಣ್ಣ ಕೆಲವೇ ದಿನಗಳಲ್ಲಿ ಮಾಸಬೇಕು. ಬರಿ ನೀರಿನ ಕೊಳವೆಗೆ ಬಿರಡೆ ಹಾಕಿಟ್ಟು ಒಂಬತ್ತು ವರ್ಷವಾಯಿತು, ಇನ್ನೂ ಕೆಂಪಗಿದೆ. ಕದಿರಮ್ಮ ತಾಳಿ ತೆಗೆದಿಲ್ಲ. ನಾನೂ ಕೊಳವೆಯ ನೀರು ಚೆಲ್ಲಿಲ್ಲ, ಮುಟ್ಟಿದರೆ ಈಗಲೂ ಬೆಚ್ಚಗಿರುತ್ತದೆ.