ಮುಯ್ಯಿಗೆ ಹೋದವಳು

ಯಾರ ಕಣ್ಣಿಗೂ ಬೀಳಬಾರದು ಎಂದು ಹಟ ಹಿಡಿದವರನ್ನೇ ವಿಧಿ ಎದುರುಬದುರು ತಂದು ನಿಲ್ಲಿಸುತ್ತದೆ. ಬಿ.ಜಿ. ಕೆರೆ ದಾಟಿ, ಹೈವೇ ಪಕ್ಕ ಸಿನಿಮಾದವರು ಹಾಕಿದ್ದ ಶಾಮಿಯಾನದ ಕಡೆಗೆ ಸ್ವಪ್ನ ಅವ್ವನನ್ನು ಹುಡುಕಿಕೊಂಡು ಬಂದಾಗ, ಕೈಯಲ್ಲಿ ವಾಕಿಟಾಕಿ ಹಿಡಿದು ಅವಳ ದಾರಿಗೆ ಅಡ್ಡ ಬಂದವನು ಮುತ್ತುರಾಜ್.

ಚಳ್ಳಕೆರೆಯಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಟುಕೊಂಡವನು. ಒಂದು ಕಾಲಕ್ಕೆ ಅವನ ಹೆಸರು ಮೊಬೈಲಿನಲ್ಲಿ ಮೂಡಿದರೆ ಸಾಕು, ಅವಳ ಕೆನ್ನೆ ಬಿಸಿಯಾಗುತ್ತಿತ್ತು. ಕಳೆದ ಶೇಂಗಾ ಸುಗ್ಗಿಯಿಂದೀಚೆಗೆ ಅವಳು ಅವನ ಫೋನು ಎತ್ತಿರಲಿಲ್ಲ. ಈಗ ನೋಡಿದರೆ ಗಡ್ಡ ಬಿಟ್ಟಿದ್ದಾನೆ, ಸೊರಗಿದ್ದಾನೆ. ಅವಳನ್ನು ಕಂಡೊಡನೆ ಎಡಗಣ್ಣು ಮಾತ್ರ ಮೊದಲಿನ ಹಾಗೇ ಸ್ವಲ್ಪ ಕಿರಿದಾಯಿತು. ಆ ನೋಟಕ್ಕೆ ಅವಳ ಎದೆ ಜಗ್ಗಿತು. ಜಗ್ಗಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ಅವ್ವ ಎಲ್ಲಿ?"

"ಅಲ್ಲೈತೆ ನೋಡು. ಹೀರೋಯಿನ್‌ಗೆ ಊಟ ಮಾಡಿಸ್ತೈತೆ."

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಹರ್ಷಿತಾ ಎಂಬ ಹೊಸ ನಟಿಗೆ ಅವ್ವ ಪಾಪಕ್ಕ ರೊಟ್ಟಿ ಮುರಿದು, ಹುಚ್ಚೆಳ್ಳು ಚಟ್ನಿ ಹಚ್ಚಿ ಕೊಡುತ್ತಿದ್ದಳು. ಆ ಹುಡುಗಿ ಸೀರೆಯ ಮೇಲೆ ನೀಲಿ ಚೌಕಳಿಯ ತುಂಬುತೋಳಿನ ಶರ್ಟು ಹಾಕಿದ್ದಳು. ಶೇಂಗಾ ಕೀಳುವ ಹೆಂಗಸರು ಬಿಸಿಲಿಗೆಂದು ಹಾಕಿಕೊಳ್ಳುವ ಗಂಡಸರ ಶರ್ಟು. ಹಳೇ ಬಟ್ಟೆ ಕೊಟ್ಟವರಿಗೆ ಕಂಪನಿಯವರು ಹೊಸ ಸೀರೆ ಕೊಡುತ್ತಿದ್ದರು. ಪಾಪಕ್ಕ ಶರ್ಟು ಕೊಟ್ಟಳು, ಸೀರೆ ಮುಟ್ಟಲಿಲ್ಲ.

ಶರ್ಟು ಶೃತಿಯದು. ಸ್ವಪ್ನಳ ತಂಗಿ. ಶೇಂಗಾ ಕೀಳಲು ಹೆಂಗಸರನ್ನು ತುಂಬಿಕೊಂಡು ಹೊರಟ ಗೂಡ್ಸ್ ಆಟೋಗೆ ಇದೇ ರಸ್ತೆಯಲ್ಲಿ ಹಿಂದಿನಿಂದ ಲಾರಿ ಗುದ್ದಿತ್ತು. ಶೃತಿ ಮನೆಗೆ ಬರಲಿಲ್ಲ. ಸಿನಿಮಾ ಆಗುತ್ತಿದ್ದುದು ಅದೇ.

"ನಾಚಿಕೆ ಆಗಲ್ವಾ ನಿಂಗೆ?" ಸ್ವಪ್ನ ದನಿ ತಗ್ಗಿಸಿ ಮುತ್ತುವನ್ನು ಕೇಳಿದಳು. "ಗುಂಡಿ ಮಣ್ಣು ಇನ್ನೂ ಆರಿಲ್ಲ. ಇವರಿಗೆ ಜಾಗ ತೋರಿಸ್ಕಂಡು ತಿರುಗ್ತಿದೀಯ."

"ಪೇಪರ್‌ನಾಗೆ ಎಷ್ಟು ದಿನ ಬಂತು ಹೇಳು? ಆಮೇಲೆ ಯಾರಾದ್ರೂ ಕೇಳಿದ್ರಾ? ಇವತ್ತಿಗೂ ಅದೇ ರೋಡ್ನಾಗೆ, ಅಂಥದ್ದೇ ಗಾಡೀಲಿ, ಕುರಿ ತುಂಬಿದಂಗೆ ಹೆಣ್ಮಕ್ಳನ್ನ ತುಂಬ್ತಾರೆ. ಸಿನಿಮಾ ನೋಡಿ ಒಬ್ಬ ಡ್ರೈವರ್ ಆದ್ರೂ ಬೇಡ ಅಂದ್ರೆ?"

"ಅಂದ್ರೆ ಒಳ್ಳೇದೇ. ಅದಕ್ಕೆ ನಮ್ಮ ಶೃತಿನೇ ಬೇಕಿತ್ತಾ? ಕಥೆ ಕಟ್ಟೋರಿಗೆ ಒಂದು ಹುಡುಗೀನ ಹುಟ್ಟಿಸಾಕೆ ಬರಲ್ವಾ?"

"ಹೆಸರು ಬದಲು ಮಾಡಿದಾರೆ."

"ಶರ್ಟು ಮಾಡಿಲ್ಲ."

ಅವನು ಪಾಪಕ್ಕನ ಕಡೆ ತಿರುಗಿ, "ಅವ್ವನ್ನ ನೋಡು. ನಗ್ತೈತೆ," ಎಂದ.

ನಿಜ. ಅದೇ ಸ್ವಪ್ನಳಿಗೆ ನುಂಗಲಾಗದ ತುತ್ತಾಗಿತ್ತು. ಹಟ್ಟಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ ಅವ್ವ ಈಗ ಬೆಳಗಾಗುವುದನ್ನೇ ಕಾಯುತ್ತಿದ್ದಳು, ರೊಟ್ಟಿ ಕಟ್ಟಿಕೊಂಡು ಓಡಿ ಬರುತ್ತಿದ್ದಳು. ಸಿನಿಮಾ ಬೇಡ ಎಂದು ಯಾರ ಮುಂದೆ ಜಗಳ ಆಡುವುದು?

"ನಾಳೆ ಚಳ್ಳಕೆರೇಲಿ ಶೂಟಿಂಗು," ಮುತ್ತು ವಾಕಿಟಾಕಿಯ ಗುಂಡಿ ತಿರುವುತ್ತ ಹೇಳಿದ. "ನೀನು ಬರಬೇಡ."

ಬರಬೇಡ ಎಂದ ಮೇಲೆ ಬಾರದೇ ಇರುವ ಹೆಣ್ಣೇ ಅವಳು? ಮರುದಿನ ಬಸ್ಸು ಹತ್ತಿದಳು.

ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹತ್ತಿರದ ಮಂಡಕ್ಕಿ ಮೆಣಸಿನಕಾಯಿ ಅಂಗಡಿಗೆ ಹಗ್ಗ ಕಟ್ಟಿ ಜನರನ್ನು ದೂರ ನಿಲ್ಲಿಸಿದ್ದರು. ಜನರ ಭುಜಗಳ ನಡುವಿನಿಂದ ಸ್ವಪ್ನ ಇಣುಕಿದಳು. ಒಳಗಿನ ಮೂಲೆಯ ಬೆಂಚಿನಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ. ಹುಡುಗ ಅವಳ ತಟ್ಟೆಯಿಂದ ಬಜ್ಜಿ ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡ.

"ಮೆಣಸಿನಕಾಯಿ ನಿಂಗ್ಯಾಕೆ? ನೀನೇ ಬೇಕಾದಷ್ಟು ಖಾರ ಇದೀಯ."

ಹುಡುಗಿ ಕಣ್ಣು ಕೆಳಗೆ ಮಾಡಿ, ರೆಪ್ಪೆಯ ಅಡಿಯಿಂದ ಅವನನ್ನು ನೋಡಿ ನಕ್ಕಳು. ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಬೆಳಗಿತು. ಅವಳು ಅದನ್ನು ಮಗುಚಿ ಹಾಕಿದಳು.

ಸ್ವಪ್ನ ಹಗ್ಗ ಹಿಡಿದುಕೊಂಡಳು. ಆ ಮೂಲೆ, ಆ ಮಾತು, ಆ ನಗು ಅವಳವು.

ಆ ದಿನ ಪಕ್ಕದ ಹಟ್ಟಿಯ ಕಾಟಮ್ಮನ ಹೊಲಕ್ಕೆ ಅವಳು ಮುಯ್ಯಿಗೆ ಹೋಗಬೇಕಿತ್ತು. ಇವರ ಶೇಂಗಾ ಕೀಳಲು ಕಾಟಮ್ಮನ ಮನೆಯವರು ಬಂದು ಹೋಗಿದ್ದರು. ಆಳಿಗೆ ಆಳು ಕೊಟ್ಟು ತೀರಿಸಬೇಕು. ಕೂಲಿಯಾದರೆ ತಪ್ಪಿಸಬಹುದು, ಮುಯ್ಯಿ ತಪ್ಪಿಸಿದರೆ ಮನೆಯ ಮರ್ಯಾದೆ ಹೋಗುತ್ತದೆ. ಮುತ್ತು ಬಾ ಎಂದಿದ್ದ. ಸ್ವಪ್ನ ತಲೆನೋವು ಎಂದಳು. ಕಾಲೇಜಿಗೆ ರಜೆಯಿದ್ದ ಶೃತಿ, "ಬಿಡೇ ಅಕ್ಕ, ನಾನು ಹೋಗ್ತೀನಿ," ಎಂದು ಅಪ್ಪನ ಹಳೇ ಲುಂಗಿ ತಲೆಗೆ ಸುತ್ತಿಕೊಂಡು ಹೊರಟಳು. ಗಾಡಿ ಹತ್ತುವ ಮುಂಚೆಯೋ ಹತ್ತಿದ ಮೇಲೋ ಒಂದು ಸಲ ಫೋನು ಮಾಡಿದಳು. ಮುತ್ತುವಿನ ಎದುರು ಕೂತಿದ್ದ ಸ್ವಪ್ನ ಎತ್ತಲಿಲ್ಲ. ಅದು ಗೊತ್ತಿದ್ದುದು ಇಬ್ಬರಿಗೇ.

"ಸೂಪರ್!" ಡೈರೆಕ್ಟರ್ ಕೈ ತಟ್ಟಿದ. "ಇಲ್ಲಿ ಈ ನಗು, ಅಲ್ಲಿ ಆ್ಯಕ್ಸಿಡೆಂಟು. ಎರಡೂ ಹಿಂದೆಮುಂದೆ ಬಂದ್ರೆ ಥಿಯೇಟರ್ ಅಳುತ್ತೆ. ನಾಳೆ ಗಾಡಿ ಒಳಗೆ ತಂಗಿ ಫೋನ್ ಹಿಡಿದು, 'ಅಕ್ಕಾ, ನಿನ್ನ ಹುಡುಗನ್ನ ನಂಗೂ ತೋರ್ಸೇ' ಅಂತಾಳೆ. ಅಷ್ಟರಲ್ಲಿ ಲಾರಿ."

ಜನರೇಟರ್ ವ್ಯಾನಿನ ಹಿಂದೆ ಮುತ್ತು ಅವಳನ್ನು ಕಂಡ.

"ಡೈರೆಕ್ಟರ್‌ಗೆ ನಾನೇ ಹೇಳಿದೆ," ಅವನೇ ಶುರು ಮಾಡಿದ. "ನೀನು ಫೋನ್ ಎತ್ತಲಿಲ್ಲ. ನಿದ್ದೆ ಇಲ್ಲ, ಊಟ ಸೇರಲ್ಲ. ಅವಳ ಶ್ರದ್ಧಾಂಜಲಿ ಫ್ಲೆಕ್ಸು ಈ ಕೈಯಾಗೇ ಪ್ರಿಂಟ್ ಹಾಕಿದೀನಿ ಕಣೇ. ಯಾರ ಹತ್ರ ಅಳಲಿ? ಫೋಟೋ ಕೇಳಾಕೆ ಡೈರೆಕ್ಟರ್ ಅಂಗಡಿಗೆ ಬಂದ್ರು. ಕೂತ್ಕಂಡು ಕೇಳಿಸ್ಕಂಡ್ರು, ಅವರೂ ಅತ್ತರು. ಮನುಷ್ಯ ಅಂದ್ಕಂಡು ಹೇಳ್ಬಿಟ್ಟೆ. ಬರೀತಾರೆ ಅಂತ ಗೊತ್ತಾಗಲಿಲ್ಲ."

"ಅವಳು ಯಾಕೆ ಫೋನ್ ಮಾಡಿದ್ಲು ಅಂತ ನಂಗೇ ಗೊತ್ತಿಲ್ಲ, ಮುತ್ತು. ದಿನಾ ಅದನ್ನೇ ಯೋಚನೆ ಮಾಡ್ತೀನಿ. ತಲೆನೋವು ಹೆಂಗೈತೆ ಅಂತ ಕೇಳಾಕಾ? ನೀರಿನ ಬಾಟ್ಲಿ ಮರೆತಿದ್ಲಾ? ಗಾಡಿ ತುಂಬೈತೆ, ಭಯ ಆಗ್ತೈತೆ ಅನ್ನಾಕಾ? ನಂಗೆ ಗೊತ್ತಿಲ್ಲದ್ದು ನಿಮ್ಮ ಡೈರೆಕ್ಟರ್‌ಗೆ ಹೆಂಗೆ ಗೊತ್ತಾತು?"

"ಆ ಸೀನ್ ತೆಗೆದ್ಹಾಕ್ರಿ ಅಂತ ಅವರ ಕಾಲಿಗೆ ಬೀಳ್ತೀನಿ."

"ಊರೆಲ್ಲ ನೋಡಾತು. ಅವ್ವ ಇದನ್ನ ಪರದೆ ಮೇಲೆ ನೋಡಬಾರದು. ನಾನೇ ಹೇಳ್ತೀನಿ."

ಅವನು ಅವಳ ಕೈ ಹಿಡಿಯಲು ಬಂದ. ಅವಳು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಅವನೇ ಬಿಟ್ಟ.

ಸಂಜೆ ಒಲೆಯ ಮುಂದೆ ಕೂತು ಸ್ವಪ್ನ ಎಲ್ಲ ಹೇಳಿದಳು. ತಲೆನೋವು ಸುಳ್ಳು ಎಂದಳು, ಮಂಡಕ್ಕಿ ಅಂಗಡಿ ಎಂದಳು, ಎತ್ತದ ಫೋನು ಎಂದಳು. ಅವ್ವ ಬೈದರೆ ಬೈಯಲಿ, ಸೌದೆಯಲ್ಲಿ ಹೊಡೆದರೆ ಹೊಡೆಯಲಿ ಎಂದು ಬೆನ್ನು ಗಟ್ಟಿ ಮಾಡಿ ಕೂತಿದ್ದಳು. ಪಾಪಕ್ಕ ರೊಟ್ಟಿ ತಟ್ಟುತ್ತಲೇ ಇದ್ದಳು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದರೂ ಮಗುಚಲಿಲ್ಲ.

"ಆ ಸಿನಿಮಾ ಹುಡುಗಿ ನಾಳೆ ಗಾಡಿ ಹತ್ತುತೈತಂತೆ," ಎಂದಳು ಕೊನೆಗೆ.

ಬೆಳಿಗ್ಗೆ ಹೈವೇ ಅಂಚಿನಲ್ಲಿ ಅಂಥದ್ದೇ ಗೂಡ್ಸ್ ಆಟೋ ನಿಂತಿತ್ತು. ಕೂಲಿ ಹೆಂಗಸರ ವೇಷದವರು ಹತ್ತಿ ಕೂತರು. ಡೈರೆಕ್ಟರ್ ಆ್ಯಕ್ಷನ್ ಎಂದ. ನೀಲಿ ಶರ್ಟಿನ ಹರ್ಷಿತಾ ಕಾಲೆತ್ತಿ ಗಾಡಿಯ ಅಂಚಿಗಿಟ್ಟಳು. ಪಾಪಕ್ಕ ಜನರನ್ನು ಸೀಳಿಕೊಂಡು ಹೋಗಿ ಅವಳ ರಟ್ಟೆ ಹಿಡಿದಳು.

"ಇಳಿ ಮಗಾ. ನೀನು ಹೋಗಬೇಡ."

"ಅಮ್ಮಾ, ಇದು ಶೂಟಿಂಗು..."

"ಗೊತ್ತು ಕಣವ್ವ, ನಂಗೇನು ಹುಚ್ಚಾ? ಆದ್ರೂ ನೀನು ಹತ್ತಬೇಡ. ಮನೆಯಿಂದ ಒಬ್ಬರು ಹೋಗಬೇಕು ತಾನೆ? ಮುಯ್ಯಿಗೆ ನಾನು ಹೋಗ್ತೀನಿ. ಅವತ್ತೇ ನಾನು ಹೋಗಬೇಕಿತ್ತು."

ಹುಡುಗಿಯನ್ನು ಪಕ್ಕಕ್ಕೆ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿ ಊರಿ ಗಾಡಿ ಹತ್ತಿದಳು. ಸರಳು ಹಿಡಿದು ಕೂತಳು. ಹರ್ಷಿತಾ ರಸ್ತೆಯಲ್ಲೇ ಕುಸಿದು, ನಿಜವಾಗಿಯೂ ಅಳತೊಡಗಿದಳು.

"ಕಟ್ ಅನ್ನಬೇಡಿ!" ಡೈರೆಕ್ಟರ್ ಪಿಸುಗುಟ್ಟಿದ. "ರೋಲ್ ಆಗ್ಲಿ. ಮುಖಕ್ಕೆ ಹೋಗು, ಆ ಮುದುಕಿ ಮುಖಕ್ಕೆ ಹೋಗು!"

ಕ್ಯಾಮೆರಾ ಪಾಪಕ್ಕನ ಕಡೆ ತಿರುಗಿತು. ಮುತ್ತುರಾಜ್ ಓಡಿ ಬಂದು ಅಂಗೈಯಿಂದ ಲೆನ್ಸ್ ಮುಚ್ಚಿ ನಿಂತ.

"ತೆಗಿಯೋ ಕೈ! ಇಂಥ ಶಾಟ್ ಇನ್ನೊಂದು ಸಲ ಸಿಗುತ್ತೇನೋ?"

"ಸಿಗಬಾರದು ಸಾರ್. ಇದೊಂದು ನಿಮಗೆ ಕೊಡಲ್ಲ."

ಇಬ್ಬರು ಬಂದು ಎಳೆದರು. ಅವನ ಶರ್ಟು ಹರಿಯಿತು, ಕೈ ಸರಿಯಲಿಲ್ಲ. ಕ್ಯಾಮೆರಾದವನೇ ಕೊನೆಗೆ ನಾಚಿಕೊಂಡು ಆಫ್ ಮಾಡಿದ. ಡೈರೆಕ್ಟರ್ ಬಾಯಿಗೆ ಬಂದಂತೆ ಬೈದು, ಇನ್ನು ಇತ್ತ ತಲೆ ಹಾಕಬೇಡ ಎಂದ. ಮುತ್ತು ವಾಕಿಟಾಕಿಯನ್ನು ಕುರ್ಚಿಯ ಮೇಲಿಟ್ಟು ಗಾಡಿಯ ಹತ್ತಿರ ಬಂದ. ಸ್ವಪ್ನ ಅಲ್ಲಿ ಅವ್ವನ ಪಾದ ಹಿಡಿದುಕೊಂಡು ನಿಂತಿದ್ದಳು.

ಪಾಪಕ್ಕ ಅವನ ಕಡೆ ತಿರುಗಿದಳು.

"ಅವತ್ತು ನನ್ನ ಮಗಳನ್ನ ಕರೆಸ್ಕಂಡೋನು ನೀನೇನಾ?"

"ಹೂಂ ಅವ್ವ." ಅವನು ತಲೆ ತಗ್ಗಿಸಿದ. "ಬೈಯಿರಿ. ಹೊಡೀರಿ."

"ರಾತ್ರಿಯೆಲ್ಲಾ ಅದನ್ನೇ ಯೋಚನೆ ಮಾಡಿದೆ. ಬೈಯಾಕೆ ಬಾಯಿ ಬರಲಿಲ್ಲ. ನೀನು ಕರೀದೆ ಇದ್ದಿದ್ರೆ ಈ ಗಾಡಿ ಇವಳು ಹತ್ತುತಿದ್ಲು." ಸ್ವಪ್ನಳ ನೆತ್ತಿಯ ಮೇಲೆ ಕೈಯಿಟ್ಟಳು. "ಯಾಕೆ ಕರೆದೆ ಅಂತ ನಿನ್ನ ಬೈದ್ರೆ, ಇವಳು ಸಾಯಬೇಕಿತ್ತು ಅಂದಂಗೆ ಆಗ್ತೈತೆ. ಹೆತ್ತೋಳು ಹಂಗೆ ಹೆಂಗನ್ನಲಿ?"

ಸ್ವಪ್ನ ಆ ಸುಗ್ಗಿಯಿಂದ ತಡೆದಿಟ್ಟದ್ದೆಲ್ಲ ಒಡೆದು ಬಂತು. ಜನ ನೋಡುತ್ತಿದ್ದಾರೆ ಎಂಬುದನ್ನೂ ಮರೆತು ಅತ್ತಳು. ಮುತ್ತು ಪಕ್ಕದಲ್ಲಿ ನಿಂತಿದ್ದ. ಸಿನಿಮಾ ನಿಲ್ಲುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅತ್ತ ಆಗಲೇ ಇನ್ನೊಂದು ಗಾಡಿ ಹುಡುಕಲು ಫೋನು ಮಾಡುತ್ತಿದ್ದರು.

"ನಿನ್ನ ಮೇಲಿನ ಪ್ರೀತಿ ಅವತ್ತೇ ಸತ್ತಿದ್ರೆ ಸುಲಭ ಆಗ್ತಿತ್ತು," ಎಂದಳು, ಮುಖ ಒರೆಸಿಕೊಂಡು. "ಸಾಯಲಿಲ್ಲ."

"ಮುಂದೆ?"

"ಗೊತ್ತಿಲ್ಲ. ನಿನ್ನ ಜೊತೆ ನಕ್ಕರೆ ಅವಳ ನೆನಪು ಬರ್ತೈತೆ. ನೀನಿಲ್ದಿದ್ರೆ ಅವಳ ನೆನಪು ಮಾತ್ರಾನೇ ಬರ್ತೈತೆ." ಆ ಸುಗ್ಗಿಯ ಮೇಲೆ ಅವಳು ಮೊದಲ ಸಲ ಅವನ ಕಣ್ಣನ್ನು ನೇರವಾಗಿ ನೋಡಿದಳು. "ಈಗ ಅವ್ವನ್ನ ಇಳಿಸು."

ಅವನು ಎರಡೂ ಕೈ ಚಾಚಿದ. ಪಾಪಕ್ಕ ಸರಳು ಬಿಟ್ಟು, ಅವನ ಹೆಗಲಿಗೆ ಭಾರ ಹಾಕಿ, ನಿಧಾನವಾಗಿ ಕೆಳಗಿಳಿದಳು.